ಪಟ್ಟಿಯಲ್ಲಿ ಒಬ್ಬ ಹೆಚ್ಚು

ಮೂರು ಸಲ ಎಣಿಸಿದೆ. ಮೂರು ಸಲವೂ ಒಬ್ಬ ಹೆಚ್ಚಿಗೆ ಬಂದ.

ಆ ದಿನ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಉಳಿದಿದ್ದದ್ದು ತೊಂಬತ್ತೊಂದು ಹುಡುಗರು. ಹೊಸ ಸಾಫ್ಟ್‌ವೇರ್ ಕೊಟ್ಟ ವರದಿಯಲ್ಲಿ ತೊಂಬತ್ತೆರಡು. ಜನವರಿಯ ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಕಿಟಕಿಯಾಚೆ ಪಾರ್ಕಿಂಗ್ ಲಾಟೂ ಆಕಾಶವೂ ಒಂದೇ ಬಣ್ಣವಾಗಿ, ನಡುವೆ ಗೆರೆಯೇ ಕಾಣುತ್ತಿರಲಿಲ್ಲ. ನಾನು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಎಣಿಸುತ್ತಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಪಿಕ್ನಿಕ್ ಬಸ್ಸು ಹತ್ತಿಸುವಾಗ ನಮ್ಮ ಸಿಸ್ಟರ್ ಹೀಗೆಯೇ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸುತ್ತಿದ್ದರು. ಒಬ್ಬಳು ಕಡಿಮೆಯಾದರೆ ಹುಡುಕಬಹುದು, ಒಬ್ಬಳು ಜಾಸ್ತಿಯಾದರೆ ಪ್ರೇಯರ್ ಮಾಡಬೇಕು ಎಂದು ನಗಿಸುತ್ತಿದ್ದರು. ಎಪ್ಪತ್ತೊಂದನೇ ವಯಸ್ಸಿನಲ್ಲಿ ನನಗೆ ಆ ಮಾತಿಗೆ ನಗು ಬರಲಿಲ್ಲ.

ಕಾಲೇಜಿನ ಹೆಸರು ಬೇಡ. ಡೆಟ್ರಾಯಿಟ್‌ನಿಂದ ಶಿಕಾಗೋ ಕಡೆಗೆ ಹೋಗುವ ಹೆದ್ದಾರಿಯ ಯಾವುದೋ ಒಂದು ಎಕ್ಸಿಟ್ ಇಳಿದರೆ ಸಿಗುತ್ತದೆ. ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ಕಾರಿನ ಬಿಡಿಭಾಗಗಳು ಎಷ್ಟು ದಿನ ಬಾಳುತ್ತವೆ ಎಂದು ಲೆಕ್ಕ ಹಾಕುವ ಕೆಲಸದಿಂದ ರಿಟೈರ್ ಆದ ಮೇಲೆ, ಮನೆಯಲ್ಲಿ ಕೂತು ಟೀವಿ ನೋಡಲಾರದೆ, ವಾರಕ್ಕೆ ನಾಲ್ಕು ದಿನ ಇಲ್ಲಿಗೆ ಬರುತ್ತಿದ್ದೆ. ಹುಡುಗರ ಬಗ್ಗೆ ಬರುವ ಅಂಕಿಅಂಶಗಳ ಕಸ ತೆಗೆದು ಕೋಚ್‌ಗಳಿಗೆ ಕೊಡುವುದು ನನ್ನ ಕೆಲಸ. ಈಗ ಬಿಡಿಭಾಗಗಳ ಬದಲು ಹುಡುಗರು, ಅಷ್ಟೆ.

ಇಲ್ಲಿಯ ಫುಟ್‌ಬಾಲ್ ಅಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ. ತಂಡ ಕಟ್ಟುವುದಕ್ಕೆ ಎರಡು ದಾರಿ. ಹೈಸ್ಕೂಲಿನಿಂದ ಹುಡುಗರನ್ನು ಆರಿಸಿ ತಂದು, ಒಂದೆರಡು ವರ್ಷ ಆಡಿಸದೆಯೇ ಚೆನ್ನಾಗಿ ತಿನ್ನಿಸಿ, ಭಾರ ಎತ್ತಿಸಿ, ಕಲಿಸಿ, ಆಮೇಲೆ ಕಣಕ್ಕಿಳಿಸುವುದು ಒಂದು. ಬೇರೆ ಕಾಲೇಜಿನಲ್ಲಿ ಆಡಿ ಪಳಗಿದವನನ್ನು ಸೀದಾ ಕರೆತರುವುದು ಇನ್ನೊಂದು. ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಬರೆಸುವ ಪಟ್ಟಿಗೆ ಪೋರ್ಟಲ್ ಎನ್ನುತ್ತಾರೆ. ಜನವರಿಯಲ್ಲಿ ಅದು ಎರಡು ವಾರ ತೆರೆದಿರುತ್ತದೆ. ಆ ಎರಡು ವಾರ ನಮ್ಮ ಕಟ್ಟಡದಲ್ಲಿ ಓಡಾಡುವುದಕ್ಕೆ ನನಗೆ ನಿಜಕ್ಕೂ ಭಯ. ನಿನ್ನೆ ಗುಡ್ ಮಾರ್ನಿಂಗ್ ಹೇಳಿದ ಹುಡುಗ ಇವತ್ತು ಇರುವುದಿಲ್ಲ. ಲಾಕರಿನ ಹೆಸರಿನ ಫಲಕ ಕಿತ್ತ ಜಾಗದಲ್ಲಿ ಚೌಕಾಕಾರದ ಅಂಟು ಮಾತ್ರ. ಒಳಗೆ ಒಂದು ಚಪ್ಪಲಿ, ಅರ್ಧ ಕುಡಿದ ನೀರಿನ ಬಾಟಲಿ. ಯಾರೂ ಬೈ ಹೇಳುವುದಿಲ್ಲ. ಪರದೆಯನ್ನು ರಿಫ್ರೆಶ್ ಮಾಡಿದಾಗಲೆಲ್ಲ ಒಂದು ಹೆಸರು ಹೋಗಿರುತ್ತದೆ, ಎಲ್ಲಿಂದಲೋ ಒಂದು ಹೆಸರು ಬಂದಿರುತ್ತದೆ.

ಈ ಎರಡು ದಾರಿಗೆ ನಮ್ಮಲ್ಲಿ ಇಬ್ಬರು ವಕೀಲರಿದ್ದರು. ಒಬ್ಬರು ಲೈನ್ ಕೋಚ್. ಚೆಂಡು ಹಿಡಿದವನ ಮುಂದೆ ಗೋಡೆಯ ಹಾಗೆ ನಿಲ್ಲುವ ದಪ್ಪ ಹುಡುಗರನ್ನು ತಯಾರು ಮಾಡುವವರು. ಡೆಟ್ರಾಯಿಟ್‌ನ ಹೈಸ್ಕೂಲುಗಳಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯ. ನಾನು ಅವರ ಸ್ಪೆಲ್ಲಿಂಗ್ ತಿದ್ದುತ್ತಿದ್ದೆನಾದ್ದರಿಂದ ನನ್ನನ್ನು ಟೀಚರ್ ಎಂದು ಕರೆಯುತ್ತಿದ್ದರು. ಇನ್ನೊಬ್ಬ ಡೈರೆಕ್ಟರ್, ತಂಡದಲ್ಲಿ ಯಾರಿರಬೇಕು ಯಾರು ಹೋಗಬೇಕು ಎಂಬುದನ್ನು ನೋಡಿಕೊಳ್ಳುವವನು. ಮೂವತ್ತು ದಾಟಿದ ಚುರುಕು ಹುಡುಗ, ಬೇಸಿಗೆಯಲ್ಲಷ್ಟೇ ಬಂದಿದ್ದ. ಹೊಸ ಸಾಫ್ಟ್‌ವೇರ್ ತಂದವನೂ ಅವನೇ. ಪ್ರತಿ ಹುಡುಗ ಬಂದಾಗಿನಿಂದ ಎಷ್ಟು ಬೆಳೆದ ಎಂದು ಅದು ಅಳೆದು, ಹಸಿರು, ಹಳದಿ, ಕೆಂಪು ಬಣ್ಣ ಹಚ್ಚುತ್ತಿತ್ತು. ಕೆಂಪಿನವರ ಜಾಗ ಪೋರ್ಟಲ್‌ನಿಂದ ಬರುವವರಿಗೆ.

"ಮ್ಯಾಮ್, ಬೆಳೆಸೋಕೆ ಟೈಮ್ ಎಲ್ಲಿದೆ ಹೇಳಿ? ಸೆಪ್ಟೆಂಬರಿಗೆ ಗೆಲ್ಲಬೇಕು," ಎನ್ನುತ್ತಿದ್ದ.

"ಹಂಗಾದ್ರೆ ಮದುವೆ ಆದ್ಮೇಲೆ ಅಂಗಡಿಗೆ ಹೋಗಿ ಹತ್ತು ವರ್ಷದ ಮಗು ತಗೊಂಡು ಬಾ," ಎಂದರು ಲೈನ್ ಕೋಚ್ ಒಮ್ಮೆ. "ಡೈಪರ್ ಗೊಡವೆನೇ ಇರಲ್ಲ."

"ಸಿಕ್ಕಿದ್ರೆ ತರ್ತೀನಿ, ಕೋಚ್."

ಸೋಮವಾರ ನನ್ನ ಪರದೆಯಲ್ಲಿ ಕೆಂಪು ಬಣ್ಣದ ಹನ್ನೊಂದು ಹೆಸರುಗಳಿದ್ದವು. ಶುಕ್ರವಾರ ಮಧ್ಯಾಹ್ನದೊಳಗೆ ನಾನು ಸರಿ ನೋಡಿ ಒಪ್ಪಿಸಬೇಕು. ಶಿಕಾಗೋ ಕಡೆಯ ಒಂದು ಕಾಲೇಜಿನಿಂದ ಲೈನ್‌ಗೆ ಆಡುವ ಒಬ್ಬ ಬರುವುದಕ್ಕೆ ತಯಾರಿದ್ದಾನೆ, ಅವನಿಗೆ ಅವತ್ತೇ ಉತ್ತರ ಕೊಡಬೇಕು ಎಂದು ಡೈರೆಕ್ಟರ್ ಹೇಳಿದ್ದ. ಆ ಹನ್ನೊಂದರಲ್ಲಿ ಎರಡು ಹೆಸರುಗಳ ಮೇಲೆ ನನ್ನ ಬೆರಳು ನಿಂತಿತು. ಒಂದು, ಚೇತನ್ ಶಿವನಂಜು. ಇನ್ನೊಂದು, ಫ್ನು ಚೇತನ್.

ಚೇತನ್ ನನಗೆ ಗೊತ್ತಿದ್ದ ಹುಡುಗ. ನಿಜವಾದ ಹೆಸರು ಅದಲ್ಲ, ಈ ಕತೆಗೆ ನಾನು ಇಟ್ಟದ್ದು. ಅವನಿಗೆ ಹೆಸರಿಡುವ ಹಕ್ಕು ನನಗೆ ಯಾರು ಕೊಟ್ಟರೋ! ಶಿಕಾಗೋ ಹತ್ತಿರದ ಅರೋರಾದಲ್ಲಿ ಅವನ ಮನೆ. ಮಂಡ್ಯದ ಕಡೆಯವರು. ಒಂಬತ್ತು ವರ್ಷದವನಿದ್ದಾಗ ಅಪ್ಪನ ವೀಸಾದ ಬಾಲ ಹಿಡಿದು ಬಂದವನು. ನಾಲ್ಕನೇ ವರ್ಷ ನಮ್ಮಲ್ಲಿ, ಇನ್ನೊಂದು ವರ್ಷ ಆಡಲು ಅವಕಾಶವಿತ್ತು. ಇನ್ನೂ ಒಂದೇ ಒಂದು ಪಂದ್ಯ ಆಡಿರಲಿಲ್ಲ. ಲೈನ್ ಕೋಚ್ ತಾವೇ ಕೈಯಾರೆ ಬೆಳೆಸುತ್ತಿದ್ದ ಹುಡುಗ ಅವನು. ಆದರೆ ಈ ಫ್ನು ಯಾರು?

ಎರಡೂ ದಾಖಲೆ ತೆರೆದೆ. ನಮಗೆ ಎರಡು ಕಡೆಯಿಂದ ಲೆಕ್ಕ ಬರುತ್ತದೆ. ಜಿಮ್ಮಿನಿಂದ ತೂಕ, ಎತ್ತಿದ ಭಾರ. ಮೈದಾನದಿಂದ ಓಟದ ಲೆಕ್ಕ. ಹುಡುಗರು ಅಂಗಿಯೊಳಗೆ ಒಂದು ಬಿಗಿಯಾದ ವೆಸ್ಟ್ ತೊಡುತ್ತಾರೆ, ಅದರ ಬೆನ್ನಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್. ಚೇತನ್ ಶಿವನಂಜು ನಾಲ್ಕು ವರ್ಷ ಭಾರ ಎತ್ತಿದ್ದ, ಒಂದು ಹೆಜ್ಜೆಯೂ ಓಡಿರಲಿಲ್ಲ. ಫ್ನು ಚೇತನ್ ನಾಲ್ಕು ವರ್ಷ ಓಡಿದ್ದ, ಒಂದು ಪೌಂಡೂ ಎತ್ತಿರಲಿಲ್ಲ. ಅವನಿಗೆ ತೂಕವೇ ಇರಲಿಲ್ಲ. ತೂಕದ ಕಾಲಮ್ಮಿನಲ್ಲಿ ಮೇಲಿನಿಂದ ಕೆಳತನಕ ಸೊನ್ನೆ. ತೂಕವಿಲ್ಲದವನೊಬ್ಬ ನಾಲ್ಕು ವರ್ಷದಿಂದ ನಮ್ಮ ಮೈದಾನದಲ್ಲಿ ಓಡುತ್ತಿದ್ದಾನೆ. ನಾನು ಸ್ವೆಟರಿನ ತೋಳು ಕೆಳಗೆಳೆದುಕೊಂಡೆ.

ಡೆಸ್ಕಿನಲ್ಲಿ ಕೂತರೆ ತಿಳಿಯುವುದಿಲ್ಲವೆಂದು ಡೋಮಿಗೆ ಹೋದೆ. ಚಳಿಗಾಲದಲ್ಲಿ ಅಭ್ಯಾಸ ನಡೆಯುವುದು ಅಲ್ಲಿ. ಇಡೀ ಮೈದಾನದ ಮೇಲೆ ಬಿಳಿ ಬಟ್ಟೆ ಹೊದಿಸಿ ಗಾಳಿ ತುಂಬಿ ನಿಲ್ಲಿಸಿದ ಗುಮ್ಮಟ. ತಿರುಗುಬಾಗಿಲು ದಾಟಿದ ತಕ್ಷಣ ವಿಮಾನದಲ್ಲಿ ಆಗುವ ಹಾಗೆ ಕಿವಿ ಕಟ್ಟಿಕೊಳ್ಳುತ್ತದೆ. ಗಾಳಿ ಊದುವ ಫ್ಯಾನುಗಳು ಒಂದೇ ಸಮ ಗುಂಯ್ ಎನ್ನುತ್ತಿರುತ್ತವೆ, ಸ್ವಲ್ಪ ಹೊತ್ತಾದ ಮೇಲೆ ಆ ಸದ್ದು ನಮ್ಮ ತಲೆಯೊಳಗಿನದೇ ಅನ್ನಿಸುತ್ತದೆ. ಯಾರೂ ಇರಲಿಲ್ಲ. ಮೂಲೆಯಲ್ಲಿ ವೆಸ್ಟ್‌ಗಳನ್ನು ಚಾರ್ಜಿಗೆ ಇಡುವ ಕಪಾಟು. ಹೆಸರಿನ ಚೀಟಿ ನೋಡುತ್ತಾ ಹೋಗಿ, ಫ್ನು ಎಂದಿದ್ದ ಗೂಡಿನಿಂದ ವೆಸ್ಟ್ ಹೊರಗೆ ತೆಗೆದೆ. ಗೋಡೆಯ ಪಕ್ಕದ ಟ್ಯಾಬ್ಲೆಟ್ ತಾನಾಗಿ ಬೆಳಗಿತು. ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ, ಮರಳಿ ಬಂದಿರಾ ಫ್ನು, ಸ್ವಾಗತ, ಎಂದಿತು.

ವೆಸ್ಟ್ ಹತ್ತಿರ ಬಂದರೆ ಅದು ಹಾಗೆ ಹೇಳಬೇಕು, ಅದು ಅದರ ಕೆಲಸ. ಗೊತ್ತಿದ್ದೂ, ಯಾರು ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಬೆನ್ನ ಹಿಂದೆ ಯಾರೋ ಕೆಮ್ಮಿದರು.

"ಟೀಚರ್, ಯಾರ ಜೊತೆ ಮಾತು?" ಲೈನ್ ಕೋಚ್.

"ಫ್ನು ಅಂದ್ರೆ ಯಾರು, ಕೋಚ್?"

"ಅಂಥವನು ಯಾರೂ ನನ್ನ ಹತ್ರ ಇಲ್ಲ." ವೆಸ್ಟನ್ನು ನನ್ನ ಕೈಯಿಂದ ತೆಗೆದುಕೊಂಡರು. ಅದರ ಭುಜದ ಹತ್ತಿರ ಬೂದು ಟೇಪು ಸುತ್ತಿತ್ತು. "ಇದು ಚೆಟ್‌ದು. ನಾನೇ ಟೇಪ್ ಹಾಕಿದ್ದು. ಇಷ್ಟು ಅಗಲದ ಬೆನ್ನು ಇನ್ಯಾರಿಗಿದೆ ಇಲ್ಲಿ?"

ಚೆಟ್ ಎಂದರೆ ಚೇತನ್. ಆಗ ನನಗೆ ಹೊಳೆಯಿತು, ಮುಖಕ್ಕೆ ಬಿಸಿನೀರು ಎರಚಿದ ಹಾಗಾಯಿತು.

ನಮ್ಮ ಕಡೆಯ ಎಷ್ಟೋ ಜನರ ಹಾಗೆ ಈ ಹುಡುಗನ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಒಂದೇ ಹೆಸರು. ಅಮೆರಿಕದ ಫಾರ್ಮಿಗೆ ಎರಡು ಬೇಕು. ಇರುವ ಒಂದನ್ನು ಅವರು ಮನೆತನದ ಹೆಸರಿನ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ಎಫ್, ಎನ್, ಯು ಎಂದು ಮೂರಕ್ಷರ ಬರೆಯುತ್ತಾರೆ. ಅರ್ಥ ಇಷ್ಟೇ, ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ. ಕೂಡಿಸಿ ಓದಿದರೆ ಫ್ನು. ವೀಸಾದಿಂದ ಅದು ಕಾಲೇಜಿನ ರಿಜಿಸ್ಟರಿಗೆ ಬಂತು, ಅಲ್ಲಿಂದ ಮೈದಾನದ ವೆಸ್ಟಿಗೆ. ಜಿಮ್ಮಿನ ಪಟ್ಟಿ ಮಾತ್ರ ನಾನು ಕೈಯಾರೆ ಟೈಪ್ ಮಾಡಿದ್ದು. ನಾಲ್ಕು ವರ್ಷದ ಹಿಂದೆ ಆ ಮೂರಕ್ಷರ ನೋಡಿ ನನಗೆ ಸಿಟ್ಟು ಬಂದಿತ್ತು. ಅಪ್ಪ ಅಮ್ಮ ಇರುವ ಮಗುವಿಗೆ ಹೆಸರು ಗೊತ್ತಿಲ್ಲ ಅಂದರೇನು! ಕಾನ್ವೆಂಟಿನ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು, ಪಕ್ಕದಲ್ಲಿ ತಂದೆಯ ಹೆಸರು. ಅದೇ ಅಭ್ಯಾಸದಲ್ಲಿ, ಯಾರನ್ನೂ ಕೇಳದೆ, ಎಫ್ ಎನ್ ಯು ಅಳಿಸಿ ಚೇತನ್ ಎಂದು ಬರೆದು, ಹಿಂದೆ ಅವನಪ್ಪನ ಹೆಸರು ಶಿವನಂಜು ಸೇರಿಸಿದ್ದೆ. ಪ್ರೀತಿಯಿಂದಲೇ ಮಾಡಿದ್ದು. ಇಷ್ಟು ವರ್ಷ ಎರಡು ಪಟ್ಟಿ ಬೇರೆ ಬೇರೆ ಇದ್ದವು, ಏನೂ ಆಗಲಿಲ್ಲ. ಹೊಸ ಸಾಫ್ಟ್‌ವೇರ್ ಎರಡನ್ನೂ ಸೇರಿಸಿದಾಗ ಒಬ್ಬ ಹುಡುಗನನ್ನು ಸೀಳಿ ಇಬ್ಬರನ್ನು ಮಾಡಿತ್ತು. ಇಬ್ಬರೂ ಬೆಳೆದಿಲ್ಲ, ಇಬ್ಬರೂ ಕೆಂಪು.

ಡೈರೆಕ್ಟರಿಗೆ ಹೋಗಿ ಹೇಳಿದೆ. ಅವನು ಎರಡು ಹೆಸರನ್ನೂ ನೋಡಿದ. "ಅಣ್ಣ ತಮ್ಮ ಅಂದ್ಕೊಂಡಿದ್ದೆ, ಮ್ಯಾಮ್," ಎಂದ. ಪಾಪ, ನಿಜವಾಗಿ ಹಾಗೆಯೇ ಅಂದುಕೊಂಡಿದ್ದ.

ಮಂಗಳವಾರ ಇಡೀ ದಿನ ಇಬ್ಬರನ್ನು ಒಬ್ಬನಾಗಿ ಕೂಡಿಸಿ ನೋಡುವ ಕೆಲಸ. ಇದಕ್ಕೆ ಸಾಫ್ಟ್‌ವೇರಿನಲ್ಲಿ ಒಂದು ಕಚ್ಚಾ ಪುಟ ಇದೆ, ಖಾತ್ರಿಯಾದ ಮೇಲಷ್ಟೇ ಅದು ಅಸಲಿ ಪಟ್ಟಿಗೆ ಹೋಗುತ್ತದೆ. ಒಂದೊಂದು ದಿನದ ಭಾರಕ್ಕೆ ಅದೇ ದಿನದ ಓಟ ಜೋಡಿಸುತ್ತಾ ಬಂದೆ. ಮೊದಲ ವರ್ಷ ಇನ್ನೂರ ಮೂವತ್ತು ಪೌಂಡಿನ ಹುಡುಗ, ಈಗ ಇನ್ನೂರ ತೊಂಬತ್ತು. ಅಷ್ಟು ಭಾರ ಹೊತ್ತೂ ಮೊದಲಿಗಿಂತ ಚುರುಕು. ಸಂಜೆ ನಾಲ್ಕಕ್ಕೆ ಗುಂಡಿ ಒತ್ತಿದೆ. ಹೆಸರು ಹಸಿರಾಯಿತು. ಪೋರ್ಟಲ್‌ನಿಂದ ಬರಲಿದ್ದ ಶಿಕಾಗೋ ಹುಡುಗನಿಗಿಂತ ಒಂದು ಕೂದಲೆಳೆ ಮೇಲೆ. ಲೈನ್ ಕೋಚ್ ನನ್ನ ಟೇಬಲ್ಲಿಗೆ ಗುದ್ದಿ, "ನಾನು ಹೇಳ್ಲಿಲ್ವಾ!" ಎಂದರು. ನಾನು ಪರ್ಸ್ ತೆಗೆದುಕೊಂಡು ಎದ್ದೆ.

ಎದ್ದವಳು ಮತ್ತೆ ಕೂತೆ. ಕೊನೆಯಲ್ಲಿ ಮೂರು ಸಾಲು ಉಳಿದಿದ್ದವು. ಓಟ ಇತ್ತು, ಅದಕ್ಕೆ ಜೋಡಿಸಲು ಭಾರ ಇರಲಿಲ್ಲ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಯ ಗುರುವಾರ, ಶುಕ್ರವಾರ, ಶನಿವಾರ. ಮೂರು ದಿನವೂ ಬೆಳಿಗ್ಗೆ, ಡೋಮಿನೊಳಗೆ. ಹತ್ತು ಗಜದ ಆರು ಓಟ, ನಲವತ್ತು ಸೆಕೆಂಡು ವಿರಾಮ, ಮತ್ತೆ ಆರು. ನಾಲ್ಕು ವರ್ಷದಲ್ಲಿ ಅವನ ಎಲ್ಲಕ್ಕಿಂತ ವೇಗದ ಓಟಗಳು ಅವೇ. ಹೆಸರು ಹಸಿರಾದದ್ದೂ ಅವುಗಳಿಂದಲೇ.

ಆದರೆ ಆ ಶುಕ್ರವಾರ ಬೆಳಿಗ್ಗೆ ನಾನು ಅವನನ್ನು ನೋಡಿದ್ದೆ. ಇನ್ನೂರೈವತ್ತು ಮೈಲಿ ಆಚೆ, ಶಿಕಾಗೋ ಹತ್ತಿರದ ಲೆಮಾಂಟ್ ದೇವಸ್ಥಾನದಲ್ಲಿ.

ರಜೆಗೆ ನೇಪರ್‌ವಿಲ್‌ನ ತಂಗಿಯ ಮನೆಗೆ ಹೋಗಿದ್ದವಳು ಅವಳ ಜೊತೆ ದೇವಸ್ಥಾನಕ್ಕೆ ಬಂದಿದ್ದೆ. ಕೆಳಗಿನ ಊಟದ ಹಾಲಿನಲ್ಲಿ ಚೇತನ್ ಎರಡು ಕುರ್ಚಿ ಜೋಡಿಸಿಕೊಂಡು ಪುಳಿಯೋಗರೆ ತಿನ್ನುತ್ತಿದ್ದ. ಅವನಮ್ಮ ನನ್ನ ಕೈ ಹಿಡಿದುಕೊಂಡರು.

"ನೋಡಿ ಆಂಟಿ ಇವನ್ನ. ನಿಮ್ ಕೋಚು ತಿನ್ನು ತಿನ್ನು ಅಂತ ಎಮ್ಮೆ ಮಾಡಿ ಮಡಗವ್ರೆ. ಮೊನ್ನೆ ಮನೇಲಿ ಸೋಫಾ ಕಾಲು ಮುರೀತು."

"ಅಮ್ಮಾ, ಪ್ಲೀಸ್, ಸ್ಟಾಪ್," ಎಂದ ಅವನು.

"ಏನ್ ಸ್ಟಾಪು? ನಾಕು ವರ್ಷ ಆಯ್ತು ಆಂಟಿ, ಒಂದ್ ದಿನಾನೂ ಆಡಿಸಿಲ್ಲ. ಇವರಪ್ಪ ಪ್ರತೀ ಮ್ಯಾಚಿಗೂ ಡ್ರೈವ್ ಮಾಡ್ಕೊಂಡು ಬಂದು, ಇವನು ಬೆಂಚಲ್ಲಿ ಕೂತಿರೋದ್ನೇ ಫೋಟೋ ಹೊಡ್ಕೊಂಡು ಹೋಯ್ತಾರೆ. ಈ ಸಲನಾದ್ರೂ ಆಡಿಸ್ತಾರಾ? ಇಲ್ಲಾ ಅದೇನೋ ಪೋರ್ಟಲ್ಲಂತಲ್ಲ, ಅಲ್ಲಿಂದ ಯಾರನ್ನೋ ತಂದು ಇವನ್ನ ಮನೇಗ್ ಕಳಿಸ್ತಾರಾ?"

"ಅವನ ಲೆಕ್ಕ ಚೆನ್ನಾಗಿದ್ರೆ ಯಾಕೆ ಕಳಿಸ್ತಾರೆ?" ಎಂದಿದ್ದೆ. ಲೆಕ್ಕ ಇಡುವವಳು ನಾನೇ ಎಂಬ ಜಂಬ ಬೇರೆ.

ಆಗ ಹಾಲಿನ ಗಡಿಯಾರದಲ್ಲಿ ಹತ್ತು ಗಂಟೆ. ಶಿಕಾಗೋ ನಮಗಿಂತ ಒಂದು ಗಂಟೆ ಹಿಂದೆ, ಅದನ್ನೂ ಸೇರಿಸಿ ನೋಡಿದೆ. ನಮ್ಮ ಡೋಮಿನಲ್ಲಿ ಹನ್ನೊಂದು. ದಾಖಲೆಯ ಪ್ರಕಾರ ಅವನ ವೆಸ್ಟ್ ಓಡಲು ಶುರು ಮಾಡಿದ್ದು ಹನ್ನೊಂದಕ್ಕೆ ಎರಡು ನಿಮಿಷ ಮೊದಲು. ಅವನು ಲೆಮಾಂಟಿನಲ್ಲಿ ನನ್ನೆದುರು ಕೂತು ತಿನ್ನುತ್ತಿದ್ದಾಗಲೇ ಇಲ್ಲಿ ಯಾರೋ ಓಡುತ್ತಿದ್ದರು.

ಬುಧವಾರ ಬೆಳಿಗ್ಗೆ ಸೆಕ್ಯೂರಿಟಿ ಆಫೀಸಿನಿಂದ ಬಾಗಿಲಿನ ದಾಖಲೆ ತರಿಸಿದೆ. ಆ ಮೂರು ದಿನ ಡೋಮಿನ ಬಾಗಿಲಿಗೆ ಯಾವ ಕಾರ್ಡೂ ತಾಗಿರಲಿಲ್ಲ. ವೆಸ್ಟ್ ಕಂಪನಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ, ಸೆನ್ಸರ್ ಇಟ್ಟಲ್ಲೇ ಇದ್ದರೂ ಕೆಲವೊಮ್ಮೆ ಅಲ್ಲಾಡಿದಂತೆ ತೋರಿಸುತ್ತದೆ ಎಂದ. ವಾರೆನ್‌ನಲ್ಲಿ ಅಂಥದ್ದನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಅಲ್ಲಾಡುವ ಸೆನ್ಸರ್ ನಡುಗುತ್ತದೆ, ತೂಗುತ್ತದೆ. ಆರು ಓಡಿ, ನಲವತ್ತು ಸೆಕೆಂಡು ನಿಂತು, ಉಸಿರು ತೆಗೆದುಕೊಂಡು ಮತ್ತೆ ಆರು ಓಡುವುದಿಲ್ಲ.

ಲೈನ್ ಕೋಚ್‌ಗೆ ಪ್ರಿಂಟ್ ತೋರಿಸಿದೆ. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಆರು, ನಲವತ್ತು, ಆರು," ಎಂದರು. "ಈ ಡ್ರಿಲ್ ನಾನು ಕೊಡೋದು ಬಿಟ್ಟು ಎಷ್ಟು ವರ್ಷ ಆಯ್ತೋ. ಈಗಿರೋ ಯಾವ ಹುಡುಗನಿಗೂ ಕಲಿಸಿಲ್ಲ."

"ಯಾಕೆ ಬಿಟ್ಟಿರಿ?"

ಅವರು ಕನ್ನಡಕ ಇಳಿಸಿಕೊಂಡರು. ಪ್ರಿಂಟನ್ನು ನನ್ನ ಕೈಗೆ ಮುಖ ಕೆಳಗಾಗಿ ಕೊಟ್ಟರು. "ಟೀಚರ್, ಇದನ್ನ ಹಾಗೇ ಬಿಡಿ. ಹುಡುಗ ಹಸಿರಲ್ಲಿದ್ದಾನೆ. ನಾಲ್ಕು ವರ್ಷ ನನ್ನ ಕೈಯಲ್ಲಿ ಬೆಳೆದಿದ್ದಾನೆ. ಇವನನ್ನ ಕಳಿಸಿದ್ರೆ ಹೊಸದಾಗಿ ಬಂದ ಮಕ್ಕಳಿಗೆ ನಾನು ಯಾವ ಮುಖ ಇಟ್ಕೊಂಡು ತಾಳ್ಮೆ ಕಲಿಸ್ಲಿ?"

ಅವರು ಹೋದ ಮೇಲೆ ಕೂತು ಯೋಚಿಸಿದೆ. ಬಿಡುವುದು ಎಷ್ಟು ಸುಲಭ! ಹುಡುಗನನ್ನು ಸೀಳಿದವಳು ನಾನು, ಆ ತಪ್ಪಿಗೆ ಪರಿಹಾರವನ್ನು ಯಾರೋ ಓಡಿ ಓಡಿ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ. ಮೂರು ಸಾಲು. ನಾನು ಹೇಳದಿದ್ದರೆ ಯಾರೂ ಕೇಳುವುದಿಲ್ಲ. ಅವನಮ್ಮನ ಕೈಯ ಬಿಸಿ ಇನ್ನೂ ನನ್ನ ಕೈಯಲ್ಲಿತ್ತು. ಆದರೆ ಲೆಮಾಂಟಿನಲ್ಲಿ ಅವನನ್ನು ನೋಡಿದ ಕಣ್ಣೂ ನನ್ನದೇ. ಜೀವಮಾನವೆಲ್ಲ ನಾನು ಮಾಡಿದ ಕೆಲಸ ಒಂದೇ, ನೋಡದೇ ಇದ್ದದ್ದನ್ನು ನೋಡಿದೆ ಎಂದು ಸಹಿ ಹಾಕದಿರುವುದು. ಇಲ್ಲಿ ನೋಡಿದ್ದನ್ನೇ ನೋಡಿಲ್ಲ ಎನ್ನಬೇಕಿತ್ತು. ಆಗಲಿಲ್ಲ.

ಮೊದಲು ಹುಡುಗನನ್ನು ಕರೆಸಿದೆ. ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ನನ್ನ ಕುರ್ಚಿಗಳನ್ನು ನೋಡಿ ನಿಂತೇ ಇದ್ದ. ಎರಡು ಹೆಸರಿನ ವಿಷಯ ಹೇಳಿದೆ, ಸಾರಿ ಕೇಳಿದೆ.

"ಇಟ್ಸ್ ಓಕೆ, ಆಂಟಿ. ಅಪ್ಪಂಗೆ ತಮ್ಮ ಹೆಸರಿರೋ ಆ ಲಾಕರ್ ಪ್ಲೇಟ್ ತುಂಬಾ ಇಷ್ಟ. ಬೆಂಚ್ ಫೋಟೋ ಬಿಟ್ರೆ ಅದ್ರದ್ದೇ ಫೋಟೋ. ಶಿವನಂಜು ಅಂತಾನೇ ಇರ್ಲಿ."

ಆಮೇಲೆ ಮೂರು ಓಟಗಳ ವಿಷಯ ಹೇಳಿದೆ. ಅವನ ಮುಖ ಬದಲಾಯಿತು.

"ಆದ್ರೆ ನಾನು ಮನೇಲಿದ್ದೆ."

"ಗೊತ್ತು. ನಾನೇ ನೋಡಿದ್ದೀನಲ್ಲ."

"ದೆನ್ ಹೂ ವಾಸ್ ಇಟ್?"

"ಗೊತ್ತಿಲ್ಲಪ್ಪ."

ಹೊರಗೆ ಹಿಮ ಬಾಚುವ ಗಾಡಿ ಹೋಯಿತು. ಅದರ ಸದ್ದು ಮುಗಿಯುವವರೆಗೆ ಅವನು ನೆಲ ನೋಡುತ್ತಿದ್ದ. "ವಾಸ್ ಹೀ ಗುಡ್?" ಎಂದು ಕೇಳಿದ.

"ನಿನಗಿಂತ ಚೆನ್ನಾಗಿ ಓಡಿದ್ದಾನೆ."

"ಅದು ತೆಗೆದ್ರೆ ನಾನು ಔಟಾ?"

"ಹಳದಿ ಆಗ್ತೀಯ. ಶಿಕಾಗೋ ಹುಡುಗನಿಗಿಂತ ಒಂದು ಚೂರು ಕೆಳಗೆ. ಔಟ್ ಆಗಬಹುದು."

ಅಷ್ಟು ದೊಡ್ಡ ದೇಹದಲ್ಲಿ ಉಸಿರು ಮಾತ್ರ ಮೇಲೆ ಕೆಳಗೆ ಆಗುತ್ತಿತ್ತು. "ತೆಗೀರಿ ಆಂಟಿ. ನಂಗೆ ಬೇಡ. ಯಾರೋ ಓಡಿದ್ದು ಅದು. ಅವ್ನ್ ಜಾಗದಲ್ಲಿ ನಾನು ಹೆಂಗೆ ನಿಂತ್ಕೊಳ್ಳಲಿ?"

ಡೈರೆಕ್ಟರಿಗೆ ಹೇಳಿದಾಗ ಅವನು ನಗಲಿಲ್ಲ, ಹೆದರಲೂ ಇಲ್ಲ. ಥ್ಯಾಂಕ್ಸ್ ಎಂದ. ಮೂರು ಸಾಲು ತೆಗೆದು ನೋಡಿದ, ಹೆಸರು ಹಳದಿಯಾಯಿತು. "ಐ ಆಮ್ ಸಾರಿ, ಮ್ಯಾಮ್. ಹತ್ತಿರ ಹತ್ತಿರ ಇದ್ದಾಗ ಆಡಿ ಪಳಗಿದವನನ್ನೇ ನಾನು ತಗೊಳ್ಳೋದು."

"ಒಂದು ಕೇಳ್ತೀನಿ," ಎಂದೆ. "ಇಷ್ಟು ದಿನ ಅವನ ಲೆಕ್ಕ ಕೆಟ್ಟದ್ದು ನನ್ನಿಂದ. ನಾಳೆ ಬೆಳಿಗ್ಗೆ ಒಂದು ಸಲ, ನಮ್ಮೆಲ್ಲರ ಕಣ್ಣೆದುರು ಅವನೇ ಓಡಲಿ. ಶಿಕಾಗೋ ಹುಡುಗನ ಹತ್ತು ಗಜದ ಸಮಯ ನಿಮ್ಮ ಹತ್ತಿರ ಇದೆ. ಆರು ಓಟದಲ್ಲಿ ನಾಲ್ಕು ಅದಕ್ಕಿಂತ ಚುರುಕಾಗಿದ್ದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ನಾನು ಬಾಯಿ ಬಿಡಲ್ಲ."

ಅವನು ಪೆನ್ನಿನಿಂದ ಮೇಜು ಕುಟ್ಟುತ್ತಾ ಕೂತ. "ನಾಲ್ಕು," ಎಂದ ಕೊನೆಗೆ. "ಮೂರಾದ್ರೆ ಇಲ್ಲ."

ಗುರುವಾರ ಎಂಟೂವರೆಗೆ ನಾವು ನಾಲ್ವರೂ ಡೋಮಿನಲ್ಲಿದ್ದೆವು. ಮೇಲೆ ಹಿಮ ಕೂತು ಬಟ್ಟೆ ಜಗ್ಗಿ, ಒಳಗಿನ ಬೆಳಕು ಹಾಲಿಗೆ ನೀರು ಬೆರೆಸಿದ ಹಾಗಿತ್ತು. ಚೇತನ್ ಆ ವೆಸ್ಟ್ ಮುಟ್ಟಲಿಲ್ಲ. ಬರೀ ಬನಿಯನ್ನಿನಲ್ಲಿ ನಿಂತ. ಲೈನ್ ಕೋಚ್ ಒಂದು ಸ್ಟಾಪ್‌ವಾಚ್ ಹಿಡಿದರು, ಡೈರೆಕ್ಟರ್ ಇನ್ನೊಂದು. ಇಬ್ಬರೂ ಹೇಳಿದ್ದನ್ನು ನಾನು ಕಾಗದದಲ್ಲಿ ಬರೆದು, ಎರಡರಲ್ಲಿ ನಿಧಾನವಾದದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಹಾಗಂತ ಕೇಳಿದ್ದು ಲೈನ್ ಕೋಚ್ ಅವರೇ.

ಮೊದಲನೆಯದು ಚುರುಕು. ಎರಡನೆಯದೂ. ಮೂರನೆಯದರಲ್ಲಿ ಹೊರಡುವಾಗಲೇ ತಡ. ನಾಲ್ಕನೆಯದು ಚುರುಕು. ಡೋಮಿನಲ್ಲಿ ಸದ್ದು ಬಟ್ಟೆಗೆ ಬಡಿದು ವಾಪಸ್ ಬರುತ್ತದೆ, ಅದು ನನಗೆ ಗೊತ್ತು. ಅವನ ಪ್ರತಿ ಹೆಜ್ಜೆಯ ಹಿಂದೆ ಇನ್ನೊಂದು ಹೆಜ್ಜೆ ಕೇಳುತ್ತಿತ್ತು. ಆದರೆ ಐದನೆಯದರಲ್ಲಿ ಚೇತನ್ ಕಾಲು ಜಾರಿ ಮೊಣಕಾಲೂರಿ ಬಿದ್ದ. ಅವನು ಬಿದ್ದ ಮೇಲೂ ಆ ಇನ್ನೊಂದು ಹೆಜ್ಜೆ, ಎರಡೋ ಮೂರೋ, ಮುಂದೆ ಹೋಗಿ ಗೆರೆ ದಾಟಿದ ಹಾಗೆ ಕೇಳಿಸಿತು. ನನ್ನ ವಯಸ್ಸಿನ ಕಿವಿ, ನಾನೇ ನಂಬುವುದಿಲ್ಲ. ಡೈರೆಕ್ಟರ್ ಮಾತ್ರ ಬಿದ್ದ ಹುಡುಗನನ್ನು ನೋಡದೆ ಗೆರೆಯಾಚೆ ನೋಡುತ್ತಿದ್ದ. ಲೈನ್ ಕೋಚ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಇನ್ನೊಂದಿದೆ. ಏಳೋ," ಎಂದರು, ಬಹಳ ಮೆತ್ತಗೆ.

ಅವನು ಎದ್ದು ಮೊಣಕಾಲು ಒರೆಸಿಕೊಂಡ. ಪಕ್ಕಕ್ಕೆ ತಿರುಗಿ, ಯಾರೂ ಇಲ್ಲದ ಕಡೆ ಒಮ್ಮೆ ನೋಡಿದ. ಬಗ್ಗಿ ಕೈಯೂರಿದ. ಹೊರಟ.

ಎರಡು ಗಡಿಯಾರದಲ್ಲೂ ಒಂದೇ ಸಮಯ. ಶಿಕಾಗೋ ಹುಡುಗನಿಗಿಂತ ಚುರುಕು. ನಾಲ್ಕು.

ನಾನು ಕಾಗದ ಮುಂದೆ ಹಿಡಿದೆ. ಡೈರೆಕ್ಟರ್ ಅದನ್ನು ಎರಡು ಸಲ ಓದಿ, ಮಡಿಚಿ ಜೇಬಿಗಿಟ್ಟುಕೊಂಡ. "ಆ ಹುಡುಗನಿಗೆ ನಾನೇ ಫೋನ್ ಮಾಡಿ ಇಲ್ಲ ಅಂತ ಹೇಳ್ತೀನಿ," ಎಂದು ಬೇಗ ಬೇಗ ತಿರುಗುಬಾಗಿ‌ಲ ಕಡೆ ನಡೆದ. ಚೇತನ್ ಅಲ್ಲೇ ಕೂತು ಮುಖ ಮುಚ್ಚಿಕೊಂಡ. ಲೈನ್ ಕೋಚ್ ಅವನ ತಲೆ ಮೇಲೆ ಕೈಯಿಟ್ಟು, "ಹೋಗಿ ತಿನ್ನು," ಎಂದರು. ಅಷ್ಟೇ ಸಂಭ್ರಮ.

ಶುಕ್ರವಾರ ನನಗೆ ಉಳಿದದ್ದು ಕೊನೆಯ ಕೆಲಸ, ಕಚ್ಚಾ ಪುಟವನ್ನು ಅಸಲಿಗೆ ಹಾಕುವುದು. ಭಾರ, ತೂಕ, ಓಟ ಎಲ್ಲ ಚೇತನ್ ಶಿವನಂಜುವಿಗೆ ಸೇರಿದವು. ಮೂರು ಸಾಲು ಮಾತ್ರ ಫ್ನು ಹೆಸರಿನಲ್ಲೇ ನಿಂತವು. ಲೆಕ್ಕ ಇನ್ನೂ ಒಬ್ಬ ಹೆಚ್ಚಿಗೇ ತೋರಿಸುತ್ತಿತ್ತು. ಓಟದ ದಾಖಲೆ ಇರುವವನನ್ನು ಸುಮ್ಮನೆ ಅಳಿಸಲು ಸಾಫ್ಟ್‌ವೇರ್ ಬಿಡುವುದಿಲ್ಲ, ಕಾರಣ ಕೇಳುತ್ತದೆ. ಆರಿಸಿಕೊಳ್ಳಲು ನಾಲ್ಕೇ ಕಾರಣಗಳು. ತಂಡ ಬಿಟ್ಟ. ಗಾಯಗೊಂಡ. ಬೇರೆ ಕಾಲೇಜಿಗೆ ಹೋದ. ಪದವಿ ಮುಗಿಸಿದ.

ಕೈ ಮೌಸಿನ ಮೇಲಿಟ್ಟು ಕೂತೆ. ಬಾಗಿಲು ತೆರೆಯದ ಡೋಮಿನಲ್ಲಿ, ರಜೆಯ ದಿನ, ಯಾರೂ ಕಲಿಸದ ಡ್ರಿಲ್ಲನ್ನು ಮೂರು ಬೆಳಿಗ್ಗೆ ಓಡಿದವನಿಗೂ ಈ ತಂಡದಲ್ಲಿ ಒಂದು ಜಾಗ ಬೇಕಾಗಿತ್ತು, ಇಲ್ಲದಿದ್ದರೆ ಯಾರು ಹಾಗೆ ಓಡುತ್ತಾರೆ? ಅವನ ಓಟವನ್ನು ಲೆಕ್ಕದಿಂದ ತೆಗೆದವಳು ನಾನು. ಬಿಟ್ಟ ಎಂದು ಬರೆಯಲು ಮನಸ್ಸಾಗಲಿಲ್ಲ, ಅವನು ಬಿಟ್ಟಿರಲಿಲ್ಲ. ಬೇರೆ ಕಾಲೇಜಿಗೆ ಹೋದ ಎಂದು ಒತ್ತಿದೆ, ಎಲ್ಲಿಗೆ ಎಂದು ಕೇಳಿತು. ವಾಪಸ್ ಬಂದೆ.

ಪದವಿ ಮುಗಿಸಿದ ಎಂದು ಒತ್ತಿದೆ.

ಅದು ಸುಳ್ಳು. ಇಷ್ಟು ವರ್ಷದ ನೌಕರಿಯಲ್ಲಿ ನಾನು ಗೊತ್ತಿದ್ದೂ ದಾಖಲೆಗೆ ಹಾಕಿದ ಸುಳ್ಳು ಅದೊಂದೇ. ಪರದೆ ಒಂದು ಕ್ಷಣ ಬೆಳ್ಳಗಾಗಿ, ಅಭಿನಂದನೆಗಳು ಎಂದು ಬರೆದು ತೋರಿಸಿತು. ಪಟ್ಟಿ ತೊಂಬತ್ತೊಂದಕ್ಕೆ ಇಳಿಯಿತು.